ಸೈನ್ಯದ ಖರ್ಚು, ಮತದ ಬೆಲೆ, ಹೊಲದ ನೀರು: ಅಂಬೇಡ್ಕರರ ಅರ್ಥಚಿಂತನೆಯನ್ನು ವಳಸಂಗದಿಂದ ಓದುತ್ತ



ನನ್ನೂರು ವಳಸಂಗ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಗಡಿಯವರು ಅಂದಕೂಡಲೇ ಜನ ಕೇಳೋದು ಒಂದೇ ಪ್ರಶ್ನೆ: ‘ನೀವು ಯಾವ ಕಡೆಯವರು?’ ನಾನು ಇವತ್ತು ಬೇರೆ ಪ್ರಶ್ನೆ ಇಡುತ್ತೇನೆ. ದೇಶದ ಭದ್ರತೆ ಅಂದರೆ ಏನೇನನ್ನು ಕಾಯೋದು? ಇದಕ್ಕೆ ಉತ್ತರ ಹುಡುಕಲು ನಾನು ಆರಿಸಿಕೊಂಡದ್ದು ಡಾ. ಬಿ.ಆರ್. ಅಂಬೇಡ್ಕರರು 1951ರ ಅಕ್ಟೋಬರ್‌ನಲ್ಲಿ ಕೊಟ್ಟ ರಾಜೀನಾಮೆ ಹೇಳಿಕೆ.

ಈ ಹೇಳಿಕೆಯನ್ನು ನಾವು ಸಾಮಾನ್ಯವಾಗಿ ಹಿಂದೂ ಕೋಡ್ ಬಿಲ್ಲಿನ ಸಲುವಾಗಿ ನೆನೆಯುತ್ತೇವೆ. ಅದು ಸರಿಯೇ. ಆದರೆ ಅದರೊಳಗೆ ಒಬ್ಬ ಅರ್ಥಶಾಸ್ತ್ರಜ್ಞನ ದೂರೂ ಇದೆ. ತಾವು ಮೂಲತಃ ಅರ್ಥಶಾಸ್ತ್ರ ಮತ್ತು ಹಣಕಾಸಿನ ವಿದ್ಯಾರ್ಥಿ, ಆದರೂ ಯೋಜನಾ ಖಾತೆ ಸಿಗಲಿಲ್ಲ, ಸಂಪುಟದ ಆರ್ಥಿಕ ಸಮಿತಿ ರಚನೆಯಾದಾಗಲೂ ಮೊದಲು ತಮ್ಮನ್ನು ಹೊರಗಿಟ್ಟರು ಎಂದು ಅವರು ಬರೆದಿದ್ದಾರೆ. 1923ರಲ್ಲಿ ಲಂಡನ್ನಿನಿಂದ ಡಿ.ಎಸ್ಸಿ. ಪಡೆದು, ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬರೆದವರು ಆಡಿದ ಮಾತಿದು.

ಅದೇ ಹೇಳಿಕೆಯಲ್ಲಿ ಒಂದು ಲೆಕ್ಕವೂ ಬರುತ್ತದೆ. ವರ್ಷದ 350 ಕೋಟಿ ರೂಪಾಯಿ ಆದಾಯದಲ್ಲಿ 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ ಎನ್ನುತ್ತಾರೆ. ಅಂದರೆ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಗಮನಿಸಬೇಕಾದದ್ದು, ಅವರು ಸೈನಿಕರನ್ನು ದೂರುತ್ತಿಲ್ಲ. ವಿದೇಶಾಂಗ ನೀತಿ ನಮಗೆ ಮಿತ್ರರನ್ನು ಉಳಿಸಲಿಲ್ಲ, ಕಾಶ್ಮೀರದ ತಂಟೆ ಬಗೆಹರಿಯಲಿಲ್ಲ, ಅದರ ಬಿಲ್ಲು ಖಜಾನೆಗೆ ಬಂತು ಎಂಬುದು ಅವರ ವಾದ. ಭದ್ರತೆಯ ಖರ್ಚಿಗೂ ಕಾರಣ ಕೇಳಬೇಕು, ಕೇಳುವ ಹಕ್ಕು ಸಂಸತ್ತಿನದು. ಪ್ರಜಾಪ್ರಭುತ್ವಕ್ಕೂ ಬಜೆಟ್ಟಿಗೂ ಇರುವ ಸಂಬಂಧ ಅಲ್ಲಿಂದಲೇ ಶುರುವಾಗುತ್ತದೆ.

ಆ ಹಣ ಎಲ್ಲಿಗೆ ಹೋಗಬೇಕಿತ್ತು? ಇದಕ್ಕೆ ಅವರ 1918ರ ಲೇಖನ ನೋಡಬೇಕು. ಸಣ್ಣ ಹಿಡುವಳಿ ಕುರಿತು ಬರೆದ ಲೇಖನವದು. ಹೊಲ ಸಣ್ಣದೋ ದೊಡ್ಡದೋ ಅಂತ ಎಕರೆಯೊಂದರಿಂದಲೇ ಹೇಳಲಾಗದು, ಅದಕ್ಕೆ ಎಷ್ಟು ಬಂಡವಾಳ, ಎಷ್ಟು ದುಡಿಮೆ ಕೂಡುತ್ತದೆ ಎಂಬುದರ ಮೇಲೆ ನಿಂತಿದೆ ಎನ್ನುತ್ತಾರೆ. ಭೂಮಿಯನ್ನೇ ನಂಬಿದ ಜನ ಹೆಚ್ಚಾಗಿದ್ದಾರೆ, ಅವರನ್ನು ಕೈಗಾರಿಕೆ ಎಳೆದುಕೊಳ್ಳಬೇಕು ಎಂಬುದು ಅವರ ಪರಿಹಾರ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜತ್ತದಲ್ಲಿ ಹತ್ತು ಎಕರೆ ಇದ್ದವನೂ ಮಳೆ ಕೈಕೊಟ್ಟ ವರ್ಷ ಗ್ಯಾಂಗ್ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತಾನೆ. ನೀರಿಲ್ಲದ ಹತ್ತು ಎಕರೆ ಲೆಕ್ಕಕ್ಕೆ ಮಾತ್ರ ದೊಡ್ಡದು.

ಮುಂದೆ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ ಮತ್ತು ವಿದ್ಯುತ್ ಕೂಡ ಅವರ ಕೈಯಲ್ಲಿತ್ತು. ದಾಮೋದರ ಕಣಿವೆ ಯೋಜನೆಗೆ ತಳಪಾಯ ಬಿದ್ದದ್ದು ಆಗಲೇ. 1947ರಲ್ಲಿ ಸಂವಿಧಾನ ಸಭೆಗೆಂದು ಬರೆದ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಮನವಿಯಲ್ಲಿ ಮುಖ್ಯ ಕೈಗಾರಿಕೆ, ವಿಮೆ, ಕೃಷಿಭೂಮಿ ಸರ್ಕಾರದ ಒಡೆತನಕ್ಕೆ ಬರಲಿ, ಅದನ್ನು ಸಂವಿಧಾನದಲ್ಲೇ ಬರೆಯೋಣ ಎಂದರು. ಸರ್ವಾಧಿಕಾರವಿಲ್ಲದೆ ಸಮಾಜವಾದ ಸಾಧ್ಯವಾಗಬೇಕು ಎಂಬುದು ಅವರ ಉದ್ದೇಶ. ನನಗೆ ಇದರಲ್ಲಿ ಒಂದು ತಕರಾರಿದೆ: ಹೊಲವನ್ನು ಸರ್ಕಾರಕ್ಕೆ ಒಪ್ಪಿಸು ಅಂದರೆ ನಮ್ಮೂರಿನ ಬಡ ರೈತನೂ ಒಪ್ಪಲಾರ. ಆದರೆ ಆ ಪ್ರಸ್ತಾಪದ ಹಿಂದಿದ್ದ ಭಯ ಸುಳ್ಳಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅದನ್ನು ನೇರವಾಗಿ ಹೇಳಿದರು. 1950ರ ಜನವರಿ 26ರಿಂದ ಮತದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ. ಈ ವಿರೋಧಾಭಾಸ ಬೇಗ ಹೋಗದಿದ್ದರೆ ನೊಂದವರೇ ಈ ಕಟ್ಟಡವನ್ನು ಕೆಡವುತ್ತಾರೆ. ಅದೇ ಭಾಷಣದಲ್ಲಿ, ದೇಶ ಹಿಂದೆ ಸ್ವಾತಂತ್ರ್ಯ ಕಳೆದುಕೊಂಡದ್ದು ಒಳಗಿನವರ ದ್ರೋಹದಿಂದ ಎಂದೂ ನೆನಪಿಸಿದರು. ಎರಡೂ ಮಾತನ್ನು ಕೂಡಿಸಿ ಓದಿದರೆ ಅವರ ಭದ್ರತೆಯ ಅರ್ಥ ಸಿಗುತ್ತದೆ: ಜನರಿಗೆ ಈ ದೇಶ ತಮ್ಮದು ಅನ್ನಿಸದಿದ್ದರೆ ಗಡಿಯಲ್ಲಿ ಎಷ್ಟು ಬಂದೂಕು ನಿಲ್ಲಿಸಿದರೂ ಸಾಲದು.

1962ರ ನಂತರವೂ ಈ ಮಾತು ನಿಲ್ಲುತ್ತದೆಯೇ ಎಂದು ತಾವು ಕೇಳಬಹುದು. ಸೈನ್ಯದ ಖರ್ಚನ್ನು ಪ್ರಶ್ನಿಸಿದವರು ಚೀನಾದ ಬಗ್ಗೆ ಮೈಮರೆತಿರಲಿಲ್ಲ. 1954ರ ಆಗಸ್ಟ್ 26ರಂದು ರಾಜ್ಯಸಭೆಯಲ್ಲಿ ಟಿಬೆಟ್ ವಿಷಯವಾಗಿ ನೆಹರೂ ನೀತಿಯನ್ನು ಟೀಕಿಸಿದವರೂ ಅವರೇ. ಆದರೆ ಎಲ್ಲ ಖರ್ಚನ್ನೂ ವಿದೇಶಾಂಗ ನೀತಿಯ ತಲೆಗೆ ಕಟ್ಟಿದ್ದು ಸ್ವಲ್ಪ ಹೆಚ್ಚಾಯಿತು ಎಂದೇ ನನಗನ್ನಿಸುತ್ತದೆ. 1947ರ ಕಾಶ್ಮೀರದ ದಾಳಿ ನಾವು ಕರೆದು ತಂದದ್ದಲ್ಲ.

ಕೊನೆಗೆ ನಮ್ಮ ತಾಲೂಕಿಗೆ ಬರುತ್ತೇನೆ. ಡಫಳೆಯವರ ಜತ್ತ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. 2012ರಲ್ಲಿ ತಾಲೂಕಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. 2022ರ ಕೊನೆಗೆ ಎರಡೂ ರಾಜ್ಯಗಳ ನಾಯಕರು ಅದನ್ನೇ ಹಿಡಿದು ಜಗಳಾಡಿದರು. ಹೊರಗಿನವರು ಅದನ್ನು ಭಾಷೆಯ ಕೂಗು ಎಂದು ಓದಿದರು. ಠರಾವಿನ ಹಿಂದೆ ಇದ್ದದ್ದು ನೀರು. ‘ನೀರು ಕೊಟ್ಟವರ ಕಡೆ ನಾವು’ ಅನ್ನುವ ಮಾತು ನಮ್ಮ ಕಟ್ಟೆಗಳ ಮೇಲೆ ಈಗಲೂ ಕೇಳುತ್ತದೆ. ಅದರಲ್ಲಿ ದ್ರೋಹವೇನೂ ಇಲ್ಲ. ಮತ ಒಂದೇ ಬೆಲೆಯದು, ಹೊಲದ ಬೆಲೆ ಮಾತ್ರ ಒಂದೇ ಅಲ್ಲ ಎಂದು ಕಂಡುಕೊಂಡವರು ಠರಾವಿನ ಭಾಷೆಯಲ್ಲಿ ಬರೆದ ಅರ್ಜಿ ಅದು.

ಹಾಗಾಗಿ ‘ಯಾವ ಕಡೆಯವರು’ ಎಂದು ನಮ್ಮನ್ನು ಕೇಳುವ ಮೊದಲು, 1951ರಲ್ಲಿ ಅಂಬೇಡ್ಕರರು ಕೇಳಿದ್ದನ್ನೇ ಕೇಳಬೇಕು: ಹಣ ಎಲ್ಲಿಗೆ ಹೋಯಿತು, ಯಾಕೆ ಹೋಯಿತು, ಯಾರನ್ನು ಕೇಳಿ ಹೋಯಿತು? ಇನ್ನು ತಮ್ಮ ಪ್ರಶ್ನೆಗಳಿಗೆ ಕಾಯುತ್ತೇನೆ.