ಮೂರು ಭಾಷೆಯ ಹೆಬ್ಬೆಟ್ಟು

1930ರಲ್ಲಿ ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಕಾರ್ಮಿಕರು ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಕೆಲಸ ನಿಲ್ಲಿಸಿದರು. ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸಿಕೊಳ್ಳುವ ಏರ್ಪಾಡೊಂದನ್ನು ಗಣಿ ಕಂಪನಿಗಳು ಮಾಡಹೊರಟಿದ್ದವು. ಬೆರಳಚ್ಚು ತೆಗೆಯುವುದು ಪೊಲೀಸ್ ಠಾಣೆಯಲ್ಲಿ, ಕಳ್ಳರದು. ದುಡಿಯಲು ಬಂದವರದಲ್ಲ. ಈ ಒಂದು ಮಾತಿನ ಮೇಲೆ ಸುಮಾರು ಮೂರು ವಾರ ಗಣಿಗಳು ನಿಂತವು. ಅಲ್ಲಿನವರಿಗೆ ಅವಮಾನ ಹೊಸದೇನೂ ಆಗಿರಲಿಲ್ಲ. ಚಿನ್ನದ ಕಳವು ತಡೆಯಲೆಂದೇ 1897ರಲ್ಲಿ ಮೈಸೂರು ಸರ್ಕಾರ ಗಣಿ ಕಾಯ್ದೆ ತಂದಿತ್ತು. ಪಾಳಿ ಮುಗಿಸಿ ಮೇಲೆ ಬಂದವರ ಮೈ ತಡಕಿ ನೋಡಿ ಹೊರಗೆ ಬಿಡುತ್ತಿದ್ದರು.

ಈ ಮುಷ್ಕರದಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಹೆಬ್ಬೆಟ್ಟು ಒತ್ತಲಾರೆವು ಎಂದವರಲ್ಲಿ ಹೆಚ್ಚಿನವರಿಗೆ ಬರೆಯಲು ಬರುತ್ತಿರಲಿಲ್ಲ. ಸಾಲದ ಪತ್ರಕ್ಕೂ ಮನಿಯಾರ್ಡರ್ ರಸೀದಿಗೂ ಅವರು ಹಾಕುತ್ತಿದ್ದದ್ದು ಅದೇ ಹೆಬ್ಬೆಟ್ಟನ್ನು. ಕೋಲಾರ ಸೀಮೆಯಲ್ಲಿ ಈ ಗುರುತಿಗೆ ಮೂರು ಹೆಸರು: ಕನ್ನಡದಲ್ಲಿ ಹೆಬ್ಬೆಟ್ಟು, ತೆಲುಗಿನಲ್ಲಿ ವೇಲಿಮುದ್ರ, ತಮಿಳಿನಲ್ಲಿ ಕೈನಾಟ್ಟು. ಮೂರು ಭಾಷೆಯಲ್ಲೂ ಅದು ಬೈಗುಳವೂ ಹೌದು. ಆ ಬೈಗುಳದಿಂದ ಹೊರಬರಲು ಕೆಜಿಎಫ್‌ನ ದೊಡ್ಡವರು, ಅಂದರೆ ಶಾಲೆಯ ವಯಸ್ಸು ದಾಟಿದವರು, ಯಾರಿಂದ, ಯಾವ ಭಾಷೆಯಲ್ಲಿ ಅಕ್ಷರ ಕಲಿತರು ಎಂಬುದು ಗಣಿಯ ಇತಿಹಾಸದಲ್ಲಿ ಟನ್ನುಗಳ ಲೆಕ್ಕದಷ್ಟೇ ಮುಖ್ಯವಾದ ಅಧ್ಯಾಯ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿಗೆ ಕೈಹಾಕಿದ ಮೇಲೆ ಊರು ಬೆಳೆದ ವೇಗಕ್ಕೆ ಆಗಿನ ಮೈಸೂರು ಸಂಸ್ಥಾನದಲ್ಲಿ ಸಾಟಿಯಿರಲಿಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ಹತ್ತು ಮೈಲಿಯ ರೈಲು ಕವಲು ಬಂತು. 1901ರ ಜನಗಣತಿಯ ಹೊತ್ತಿಗೆ ಗಣಿ ಪ್ರದೇಶದ ಜನಸಂಖ್ಯೆ 38,204. ಮರುವರ್ಷ ಶಿವನಸಮುದ್ರದಿಂದ ವಿದ್ಯುತ್ ಬಂತು. ಸುರಂಗಕ್ಕೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. ಹಳ್ಳಿಯಲ್ಲಿ ಓದುಬರಹದ ಬಾಗಿಲು ಅವರಿಗೆ ಮುಚ್ಚಿತ್ತು. ಗಣಿಯಲ್ಲಿ ಶಾಲೆ ಇರಲಿಲ್ಲವೆಂದಲ್ಲ. 1901ರಲ್ಲಿ ಯುರೋಪಿಯನ್ ನೌಕರರ ಮಕ್ಕಳಿಗಾಗಿ ನಂದಿದುರ್ಗ ಗಣಿಯಲ್ಲಿ ಇಂಗ್ಲಿಷ್ ಪ್ರಾಥಮಿಕ ಶಾಲೆ ಶುರುವಾಗಿತ್ತು. 1904ರಲ್ಲಿ ಟಾರ್ಬ್‌ನ ಸಂತ ಜೋಸೆಫರ ಸಿಸ್ಟರುಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳಿಗೆ 22 ಮಂದಿಯೊಂದಿಗೆ ಇನ್ನೊಂದು ಶಾಲೆ ತೆರೆದರು. ಕೂಲಿ ಲೈನುಗಳ ತಗಡಿನ, ತಟ್ಟಿಯ ಮನೆಗಳಲ್ಲಿದ್ದ ದೊಡ್ಡವರಿಗೆ ಶಾಲೆ ತೆರೆಯುವ ಯೋಚನೆ ಕಂಪನಿಗೆ ಇರಲಿಲ್ಲ.

ಆದರೂ ಅವರು ಇಂಗ್ಲಿಷ್ ಕಲಿತರು, ಕಿವಿಯಿಂದ. ಶಿಫ್ಟು, ಶಾಫ್ಟು, ಕೇಜು, ಲೆವೆಲ್ಲು, ಟಿಂಬರು, ಬ್ಲಾಸ್ಟು. ಬಂಡೆ ಸಿಡಿಯುವ ಅನಾಹುತಕ್ಕೆ ಏರ್‌ಬ್ಲಾಸ್ಟ್ ಎಂದೇ ಹೆಸರು. ಸುರಂಗದೊಳಗೆ ಈ ಪದಗಳು ಜೀವ ಉಳಿಸುವ ಪದಗಳು. ತಪ್ಪಾಗಿ ಕೇಳಿಸಿಕೊಂಡವನು ಮೇಲೆ ಬರುವ ಭರವಸೆ ಇರಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಲ್ಲಿ ಎಷ್ಟೋ ಜನ ಇಂಗ್ಲಿಷಿನ ಒಂದು ಅಕ್ಷರವನ್ನೂ ಗುರುತಿಸದೆ ಇಂಗ್ಲಿಷಿನಲ್ಲಿ ಬದುಕಿದರು.

ಅಕ್ಷರ ಬಂದದ್ದು ಬೇರೆ ದಾರಿಯಲ್ಲಿ, ತಮಿಳಿನಲ್ಲಿ. ಮದರಾಸಿನ ಸಿದ್ಧ ವೈದ್ಯ, ವಿದ್ವಾಂಸ ಪಂಡಿತ ಅಯೋತಿದಾಸ್ 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ್ದರು. 1907ರ ಜೂನ್ 19ರಂದು ಅವರು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಹೊರತಂದರು. ಬೆಲೆ ಒಂದು ಪೈಸೆ, ಹೆಸರಲ್ಲೇ ಬೆಲೆ. ಅದೇ ವರ್ಷ ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ ಸಂಘದ ಶಾಖೆ ಹುಟ್ಟಿತು. ಎಂ.ವೈ. ಮುರುಗೇಶರ್, ಎ.ಪಿ. ಪೆರಿಯಸಾಮಿ ಪುಲವರ್ ಮೊದಲಾದವರು ಅದನ್ನು ನಡೆಸಿದರು. ಪತ್ರಿಕೆಯ ಓದುಗರು ಗಣಿಯ ಲೈನುಗಳಲ್ಲಿ ತುಂಬಿದರು. ಓದುಗರು ಎಂದರೆ ಕಣ್ಣಿನಿಂದ ಓದುವವರು ಮಾತ್ರವಲ್ಲ. ಆ ಕಾಲದ ಪತ್ರಿಕೆಗಳನ್ನು ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಹತ್ತಾರು ಜನ ಕೂತು ಕೇಳುತ್ತಿದ್ದರು. ಕೇಳಿದ್ದನ್ನು ತಾನೇ ಓದಬೇಕು ಎಂಬ ಆಸೆ ಹುಟ್ಟುವುದು ಹೀಗೆ ಕೂತು ಕೇಳಿದವನಲ್ಲೇ.

ಅಯೋತಿದಾಸ್ ಹಿಡಿದ ಹಾದಿಯಲ್ಲಿ ವಯಸ್ಕರಿಗೆ ಕಲಿಸುವವರು ಇಂದಿಗೂ ನೋಡಬೇಕಾದ ಒಂದು ಜಾಣ್ಮೆಯಿದೆ. ಅವರು ಅಕ್ಷರವನ್ನು ಅಕ್ಷರಕ್ಕಾಗಿ ಕೊಡಲಿಲ್ಲ. ನೀವು ಯಾರು, ನಿಮ್ಮ ಹಿಂದಿನವರು ಯಾರು, ಜನಗಣತಿಯವನು ಬಂದಾಗ ಏನೆಂದು ಬರೆಸಬೇಕು ಎಂಬ ಪ್ರಶ್ನೆ ಮುಂದಿಟ್ಟರು. ತಾವು ಹಿಂದೂ ಜಾತಿಪಟ್ಟಿಯ ಕೊನೆಯ ಮೆಟ್ಟಿಲಲ್ಲ, ಮೂಲತಃ ಬೌದ್ಧರು ಎಂದು ಹೇಳಿಸುವುದು ಅವರ ಹೋರಾಟ. ಸರ್ಕಾರಿ ಕಾಗದದ ಯಾವ ಅಂಕಣದಲ್ಲಿ ತನ್ನ ಹೆಸರು ಬೀಳುತ್ತದೆ ಎಂದು ತಿಳಿಯಬೇಕಾದವನಿಗೆ ಓದು ಕಲಿಯಲು ಬೇರೆ ಕಾರಣ ಬೇಡ. 1914ರಲ್ಲಿ ಅಯೋತಿದಾಸ್ ತೀರಿಕೊಂಡ ಮೇಲೆ ಪತ್ರಿಕೆ ತಡವರಿಸಿತು. 1926ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟು ಕೆಜಿಎಫ್‌ನಿಂದಲೇ ಹೊರಡಿಸಿದವರು ಪಂಡಿತ ಜಿ. ಅಪ್ಪಾದುರೈ. ಮದರಾಸಿನಿಂದ ಬರುತ್ತಿದ್ದ ಪತ್ರಿಕೆ ಈಗ ಚಾಂಪಿಯನ್ ರೀಫ್‌ನಲ್ಲೇ ಹುಟ್ಟತೊಡಗಿತು. ನಾಲ್ಕೇ ವರ್ಷಕ್ಕೆ ಹೆಬ್ಬೆಟ್ಟಿನ ಮುಷ್ಕರ. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಗೆರೆ ಎಳೆಯುವುದು ಸಲ್ಲದು. ಆದರೆ ಕಾಗದದ ಮೇಲಿನ ಗುರುತಿಗೂ ಮನುಷ್ಯನ ಮರ್ಯಾದೆಗೂ ಇರುವ ನಂಟನ್ನು ಆ ಕಾರ್ಮಿಕರು ಎರಡು ದಶಕ ಕೇಳುತ್ತ ಬಂದಿದ್ದರು ಎಂಬುದಂತೂ ನಿಜ.

ಸರ್ಕಾರದ ಕಡೆಯಿಂದಲೂ ಪ್ರಯತ್ನ ನಡೆಯದೆ ಇರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ ಮೈಸೂರು ಸಂಸ್ಥಾನ ವಯಸ್ಕರ ತರಗತಿಗಳನ್ನೂ ಸಂಚಾರಿ ಗ್ರಂಥಾಲಯಗಳನ್ನೂ ತೆರೆಯಿತು. 1940ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಉತ್ಸಾಹದಿಂದ ಮೊಳೆತ ಸಾಕ್ಷರತಾ ಕೆಲಸವೇ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಹೊಸದಾಗಿ ಓದು ಕಲಿತವರಿಗೆ ‘ಬೆಳಕು’ ವಾರಪತ್ರಿಕೆ, ಹಳ್ಳಿಯ ಯುವಕರಿಗೆ 1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠ. ದೇಶದ ವಯಸ್ಕರ ಶಿಕ್ಷಣದ ಚರಿತ್ರೆಯಲ್ಲಿ ಸಮಿತಿಯ ಹೆಸರು ಗೌರವದಿಂದ ಬರುತ್ತದೆ; ಬರಬೇಕಾದದ್ದೇ. ಆದರೆ ‘ಬೆಳಕು’ ಕನ್ನಡದ್ದು. ಬಂಗಾರಪೇಟೆ ಸುತ್ತಿನ ರೈತನಿಗೆ ಅದು ಸಲ್ಲುತ್ತಿತ್ತು. ಹತ್ತು ಮೈಲಿ ಆಚೆ, ಮನೆಯಲ್ಲಿ ತಮಿಳು ಆಡುವ ಗಣಿ ಕಾರ್ಮಿಕನಿಗೆ ಅದು ಇನ್ನೂ ಕಲಿಯದ ಭಾಷೆಯ ಪತ್ರಿಕೆ.

ಇಲ್ಲಿ ಸ್ವಲ್ಪ ನಿಂತು, ಕಲಿಸುವವರ ಕಷ್ಟವನ್ನು ಸ್ಲೇಟಿನ ಹತ್ತಿರದಿಂದ ನೋಡಬೇಕು. ತಮಿಳಿನಲ್ಲಿ ವ್ಯಂಜನ 18. ಕನ್ನಡದಲ್ಲಿ 34. ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ ಸಾಕು. ತಮಿಳು ಓದಲು ಕಲಿತ ನಲವತ್ತರ ಕಾರ್ಮಿಕ ಕನ್ನಡಕ್ಕೆ ಬಂದರೆ ಅವನ ಕಿವಿ ಒಂದೆಂದು ಎಣಿಸಿದ್ದನ್ನು ಕಣ್ಣು ನಾಲ್ಕಾಗಿ ಒಡೆಯಬೇಕು. ತಮಿಳಿನಲ್ಲಿ ಅಕ್ಷರದ ನೆತ್ತಿಯ ಮೇಲೆ ಚುಕ್ಕಿ ಇಟ್ಟರೆ ಸ್ವರ ಬಿದ್ದುಹೋಗುತ್ತದೆ; ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ತೆಲುಗು ಬಲ್ಲವನಿಗೆ ಈ ತೊಡಕಿಲ್ಲ, ಎರಡು ಲಿಪಿಗಳೂ ಅಕ್ಕತಂಗಿಯರು. ಇಂಗ್ಲಿಷಿನಲ್ಲಿ ಬರೀ 26 ಅಕ್ಷರ, ಕಾಗುಣಿತವೂ ಇಲ್ಲ, ಸುಲಭ ಎಂದು ಮೊದಲ ವಾರ ಅನ್ನಿಸುತ್ತದೆ. ಎರಡನೆಯ ವಾರ, ಬರೆದಂತೆ ಓದುವ ಭಾಷೆ ಅದಲ್ಲ ಎಂದು ಗೊತ್ತಾಗುತ್ತದೆ. ಜೊತೆಗೆ ಕೈ. ಜಂಪರ್ ಹಿಡಿದು ಬಂಡೆ ಕೊರೆದ ಬೆರಳಿಗೆ ಬಳಪ ತೀರ ಸಣ್ಣದು, ಒತ್ತಿದರೆ ಮುರಿಯುತ್ತದೆ. ದೊಡ್ಡವರಿಗೆ ಕಲಿಸುವುದು ಮಕ್ಕಳಿಗೆ ಕಲಿಸುವುದಕ್ಕಿಂತ ಬೇರೆ ವಿದ್ಯೆ ಎಂಬ ಅರಿವು ಎಷ್ಟೋ ಕಾರ್ಯಕ್ರಮಗಳಿಗೆ ತಡವಾಗಿ ಬಂತು.

ಗಣಿಗಳು 1956ರಲ್ಲಿ ರಾಷ್ಟ್ರೀಕರಣಗೊಂಡು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ. 1958ರಲ್ಲಿ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ ಹುಟ್ಟಿತ್ತು. ಕಾರ್ಮಿಕರೊಳಗಿಂದಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ತಮ್ಮ ಜೊತೆಯವರಿಗೆ ಪಾಠ ಹೇಳಲು ಕಳಿಸುವುದು ಅದರ ಕ್ರಮ. ಅವರನ್ನು ಕಾರ್ಮಿಕ ಶಿಕ್ಷಕರು ಎನ್ನುತ್ತಿದ್ದರು. ಈ ಕ್ರಮ ಸರಿಯಾದದ್ದು. ಪಾಳಿಯ ದಣಿವು ಗೊತ್ತಿರುವವನೇ ಪಾಳಿ ಮುಗಿಸಿ ಬಂದವನಿಗೆ ಕಲಿಸಬಲ್ಲ.

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್. 15ರಿಂದ 35 ವಯಸ್ಸಿನವರು, ಮೂರು ಭಾಗದ ಪಾಠಪುಸ್ತಕ, ಸಂಬಳವಿಲ್ಲದ ಸ್ವಯಂಸೇವಕರು. 1990ರಲ್ಲಿ ಭಾರತ ಜ್ಞಾನ ವಿಜ್ಞಾನ ಸಮಿತಿಯ ಜಾಥಾಗಳು ಹಾಡು, ಬೀದಿನಾಟಕಗಳೊಂದಿಗೆ ದೇಶ ಸುತ್ತಿದವು. ಹಳ್ಳಿಗಳಲ್ಲಿ ಜಗಲಿಯೇ ಶಾಲೆಯಾಯಿತು, ಹೆಂಗಸರೇ ಹೆಚ್ಚಾಗಿ ಬಂದರು. ಕೆಜಿಎಫ್‌ನಲ್ಲಾದರೋ ಎಂಬತ್ತರ ದಶಕದ ಆರಂಭದಲ್ಲೇ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿಯ ಸುತ್ತ ಭಾಷೆಯ ಗಾಯ ತೆರೆದಿತ್ತು. ಕನ್ನಡ ಬೇಡವೆನ್ನುವುದು ಅಲ್ಲಿನವರ ಮನಸ್ಸಲ್ಲ. ತಾವು ಕಲಿತ ಒಂದೇ ಅಕ್ಷರಮಾಲೆ ಕೈತಪ್ಪೀತೆಂಬ ಭಯ ಅದು. ಅಪ್ಪಾದುರೈ ಅವರ ಪತ್ರಿಕೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿ ಬೆಳೆದ ಮನೆಗಳಲ್ಲಿ ಆ ಭಯಕ್ಕೆ ಅರ್ಥವಿತ್ತು.

2001ರ ಫೆಬ್ರವರಿ 28ರಂದು, ಗಣಿಗಳನ್ನು ನಡೆಸುತ್ತಿದ್ದ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಉಳಿದದ್ದು ಸೈನೈಡ್ ಗುಡ್ಡಗಳು ಮತ್ತು ಕಾಗದ. ಪರಿಹಾರದ ಕಾಗದ, ಭವಿಷ್ಯನಿಧಿಯ ಕಾಗದ, ಕೋರ್ಟಿನ ಕಾಗದ, ಕ್ವಾರ್ಟರ್ಸ್‌ನ ಕಾಗದ. ಪರಿಹಾರ ಯೋಜನೆಗೆ ಎಸ್‌ಟಿಬಿಪಿ ಎಂದು ಹೆಸರು, ನಾಲ್ಕು ಇಂಗ್ಲಿಷ್ ಅಕ್ಷರ. ಆ ನಾಲ್ಕಕ್ಷರ ಪ್ರತಿ ಮನೆಯ ಮಾತಾಯಿತು. ಆ ವರ್ಷಗಳಲ್ಲಿ ಊರಿನ ನಿಜವಾದ ವಯಸ್ಕರ ಶಾಲೆ ಅರ್ಜಿ ತುಂಬುವ ಮೇಜುಗಳ ಸುತ್ತಲೇ ನಡೆಯಿತು ಎನ್ನಬೇಕು. ಕೆಲವರು ಅಲ್ಲಿ ಮತ್ತೆ ಹೆಬ್ಬೆಟ್ಟು ಒತ್ತಿದರು, ಕೆಲವರು ತಮ್ಮ ಹೆಸರನ್ನು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಬರೆದರು.

ಆಮೇಲಿನ ಪಾಠಶಾಲೆ ರೈಲು. ಮಾರಿಕುಪ್ಪಂನಿಂದ ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ ಸಾವಿರಾರು ಜನ ಇಂದಿಗೂ ನಸುಕಿನಲ್ಲಿ ಹೊರಡುತ್ತಾರೆ. ಸೆಕ್ಯುರಿಟಿ, ಆಸ್ಪತ್ರೆ, ಹೌಸ್‌ಕೀಪಿಂಗ್, ಕಚೇರಿ ಕೆಲಸ. ಅಜ್ಜ ಕಿವಿಯಿಂದ ಕಲಿತ ಇಂಗ್ಲಿಷ್ ಮೊಮ್ಮಗಳಿಗೆ ಸಂಬಳದ ಭಾಷೆಯಾಗಿದೆ. ಬೆಂಗಳೂರಿನ ಬೀದಿಯಲ್ಲಿ ಕನ್ನಡ ಬದುಕಿನ ಭಾಷೆ. ಗೇಟಿನಲ್ಲಿ ನಿಂತ ಸೆಕ್ಯುರಿಟಿಯವನು ಬಂದವರ ಹೆಸರು, ಗಾಡಿ ನಂಬರು, ಸಮಯವನ್ನು ಪುಸ್ತಕದಲ್ಲಿ ಬರೆಯಲೇಬೇಕು. ಐವತ್ತು ದಾಟಿದವನಿಗೆ ಅದೇ ಪಾಠಪುಸ್ತಕ.

2022ರಿಂದ ನವಭಾರತ ಸಾಕ್ಷರತಾ ಕಾರ್ಯಕ್ರಮ ನಡೆದಿದೆ. 15 ದಾಟಿದ ಯಾರು ಬೇಕಾದರೂ ಕಲಿಯಬಹುದು. ಕೊನೆಗೆ ಓದು, ಬರಹ, ಲೆಕ್ಕ ಮೂರಕ್ಕೂ ತಲಾ 50 ಅಂಕದ ಪರೀಕ್ಷೆ. ಕಲಿಸುವವರು ಈಗಲೂ ಸ್ವಯಂಸೇವಕರೇ. ಎಂಬತ್ತರ ಅಂಚಿನ ಗಣಿ ಕಾರ್ಮಿಕರು ಇದಕ್ಕೆ ಬರುವುದು ಕಡಿಮೆ. ಅವರಿಗೆ ವರ್ಷಕ್ಕೊಮ್ಮೆ ಬೇರೆ ಪರೀಕ್ಷೆ ಇದೆ. ಭವಿಷ್ಯನಿಧಿಯ ಪಿಂಚಣಿ ಬರಲು ತಾವು ಬದುಕಿದ್ದೇವೆಂದು ಜೀವನ ಪ್ರಮಾಣ ಕೊಡಬೇಕು. ಅದಕ್ಕೆ ಬೆರಳಚ್ಚು ಯಂತ್ರ. ರುಜು ಮಾಡಲು ಕಲಿತವರೂ ಅಲ್ಲಿ ಹೆಬ್ಬೆಟ್ಟನ್ನೇ ಇಡಬೇಕು. ಬಂಡೆ ಕೊರೆದು ಗೆರೆ ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಆಗ ಬೆರಳು ಒರೆಸಿ ಇನ್ನೊಮ್ಮೆ ಇಡುತ್ತಾರೆ, ಇಲ್ಲವೇ ಫೋನಿನ ಮುಂದೆ ಕೂತು ಮುಖ ತೋರಿಸುತ್ತಾರೆ. ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲನ್ನು ಪಕ್ಕದಲ್ಲಿ ನಿಂತ ಮೊಮ್ಮಗಳು ಓದಿ, ತಮಿಳಿನಲ್ಲಿ ಹೇಳುತ್ತಾಳೆ.