ಪೊರೆಯ ವಿವೇಕ

ನೀರನ್ನು ಬಟ್ಟೆಯಲ್ಲಿ ಸೋಸಿದರೆ ಕಸವು ನಿಲ್ಲುವುದು. ಕರಗಿದ ಉಪ್ಪು ನೀರಿನೊಡನೆಯೇ ಇಳಿದುಹೋಗುವುದು. ಕರಗಿದುದರಲ್ಲಿಯೂ ಭೇದವೆಣಿಸುವ ಪೊರೆಗಳುಂಟೆಂಬ ಅರಿವಿಗೆ ಮೂಲವು ಒಂದು ಸೀಸೆ. 1748ರಲ್ಲಿ ಫ್ರಾನ್ಸ್ ದೇಶದ ನೊಲೆ ಎಂಬ ಪಾದ್ರಿಯು ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶವನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟನು. ಕೆಲವು ಗಂಟೆಗಳ ಮೇಲೆ ನೋಡಲಾಗಿ ಪೊರೆಯು ಉಬ್ಬಿ ನಿಂತಿತ್ತು. ಚುಚ್ಚಿದೊಡನೆ ದ್ರವವು ಕಾರಂಜಿಯಂತೆ ಚಿಮ್ಮಿತು. ನೀರು ಒಳಹೊಕ್ಕಷ್ಟು ಸುಲಭವಾಗಿ ಮದ್ಯಸಾರವು ಹೊರಬರಲಾರದೆ ಹೋಗಿತ್ತು. 1867ರಲ್ಲಿ ಜರ್ಮನಿಯ ಟ್ರೌಬೆ, ವೃತ್ತಿಯಿಂದ ದ್ರಾಕ್ಷಾಮದ್ಯದ ವರ್ತಕ, ಇಂತಹ ಪೊರೆಯನ್ನು ಪ್ರಾಣಿಯ ಹಂಗಿಲ್ಲದೆ ರಾಸಾಯನಿಕ ದ್ರವ್ಯಗಳಿಂದಲೇ ಸಿದ್ಧಪಡಿಸಿದನು.

ನೀರು ತಾನಾಗಿ ಉಪ್ಪಿರುವ ಕಡೆಗೆ ಸಾಗುವುದು. ಉಪ್ಪುನೀರನ್ನು ಬಲವಾಗಿ ಒತ್ತಿದರೆ ಆ ಗತಿಯು ಹಿಂದುಮುಂದಾಗುವುದು. ಸೆಲ್ಯುಲೋಸ್ ಅಸಿಟೇಟ್ ಎಂಬ ಪಾಲಿಮರಿನ ಹಾಳೆಯು ಹೀಗೆ ಒತ್ತಿದ ಉಪ್ಪನ್ನು ತಡೆಯುವುದೆಂದು ಅಮೆರಿಕದಲ್ಲಿ ಬಲ್ಲವರಿದ್ದರು. ಆದರೆ ನೀರು ತೊಟ್ಟುತೊಟ್ಟಾಗಿ ಬರುವಾಗ ಪ್ರಯೋಜನವೇನು? 1960ರ ಸುಮಾರಿಗೆ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಇವರು ಒಂದು ವಿಚಿತ್ರವನ್ನು ಕಂಡರು. ಅದೇ ಹಾಳೆ ಒಂದು ಮಗ್ಗುಲಲ್ಲಿಟ್ಟರೆ ಉಪ್ಪನ್ನು ತಡೆಯಿತು, ಮಗುಚಿಟ್ಟರೆ ತಡೆಯಲಿಲ್ಲ! ಒಂದು ಮುಖದಲ್ಲಿ ಮಾತ್ರ ಅತಿ ತೆಳುವಾದ ದಟ್ಟ ಪದರವಿದ್ದು, ಉಳಿದುದೆಲ್ಲವೂ ರಂಧ್ರಮಯವಾದ ಆಧಾರವಾಗಿತ್ತು. ತಡೆಯುವ ಭಾಗವು ತೆಳುವಾದಷ್ಟೂ ನೀರು ಧಾರಾಳ. ಈ ಸೂತ್ರದಿಂದ 1965ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಊರಿನಲ್ಲಿ ಉಪ್ಪುನೀರು ಕುಡಿಯುವ ನೀರಾಯಿತು. ಇಂದು ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಶುದ್ಧೀಕರಣ ಯಂತ್ರವೂ ಈ ವಂಶದ್ದೇ.

ಆದರೆ ಆ ಯಂತ್ರಕ್ಕೆ ವಿವೇಕವಿಲ್ಲ. ವಿಷವಾದ ಸೀಸದೊಡನೆ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅನ್ನೂ ಅದು ಹೊರದೂಡುವುದು. ಒಂದು ಲೋಹದ ಅಯಾನನ್ನು ಅದರ ಸೋದರನಿಂದ ಬೇರ್ಪಡಿಸುವುದು ರಂಧ್ರದ ಅಳತೆಯೊಂದರಿಂದ ಸಾಧ್ಯವಲ್ಲ. ಲಿಥಿಯಂ ಅಯಾನು ಪೊಟ್ಯಾಸಿಯಂ ಅಯಾನಿಗಿಂತ ಚಿಕ್ಕದು. ಆದರೂ ನೀರಿನ ಕಣಗಳನ್ನು ಬಿಗಿಯಾಗಿ ಹೊದೆದುಕೊಂಡು ಅದಕ್ಕಿಂತಲೂ ದಪ್ಪನಾಗಿ ಸಂಚರಿಸುವುದು. ಆ ಹೊದಿಕೆಯನ್ನು ಕಳಚಿಸಬೇಕಾದರೆ ಪೊರೆಯು ಅದಕ್ಕೆ ಬದಲಾಗಿ ಬೇರೊಂದು ಆಸರೆಯನ್ನು ಕೊಡಬೇಕು.

ಅಂತಹ ಆಸರೆಯೊಂದನ್ನು ಪೆಡರ್ಸನ್ ಎಂಬ ರಸಾಯನಜ್ಞನು 1967ರಲ್ಲಿ ಪ್ರಕಟಿಸಿದನು. ಬೇರೊಂದು ಪದಾರ್ಥವನ್ನು ತಯಾರಿಸುವಾಗ ಕಲ್ಮಷವಾಗಿ ದೊರೆತ ಅಣು ಅದು. ಉಂಗುರದಂತಿದ್ದು, ನಡುವಿನ ತೆರಪಿಗೆ ಒಪ್ಪುವ ಲೋಹವನ್ನು ಸುತ್ತಲಿನ ಆಮ್ಲಜನಕಗಳಿಂದ ಅಪ್ಪಿಕೊಳ್ಳುವುದು. ಇಂತಹ ಉಂಗುರಗಳನ್ನು ಪಾಲಿಮರಿನ ಎಳೆಗಳಿಗೆ ಪೋಣಿಸಿದ ಪೊರೆಗಳು ಈಗ ಪ್ರಯೋಗಶಾಲೆಗಳಲ್ಲಿವೆ. ತೊಡಕೂ ಅಲ್ಲಿಯೇ ಇದೆ. ಅಪ್ಪುಗೆಯು ಅತಿ ಬಿಗಿಯಾದರೆ ಲೋಹವು ಅಲ್ಲಿಯೇ ನಿಂತುಬಿಡುವುದು, ಆಚೆಗೆ ದಾಟದು. ಸಡಿಲವಾದರೆ ಆಯ್ಕೆಯೇ ಇಲ್ಲ. ಆದುದರಿಂದ ಶೋಧಕರು ಉಂಗುರದ ಅಳತೆಯನ್ನು ಮಾತ್ರವಲ್ಲದೆ ಹಿಡಿದು ಬಿಡುವ ಹದವನ್ನೂ, ನೀರಿನಲ್ಲಿ ಪಾಲಿಮರು ಎಷ್ಟು ಉಬ್ಬೀತೆಂಬುದನ್ನೂ ಅಳೆಯುತ್ತಿದ್ದಾರೆ.