ಎಚ್ಚರವಾದ ಮೇಲೆ ಹೇಳ್ತೀನಿ ಅಂದವಳು

ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಬಗ್ಗೆ ನಿಮಗೆ ಹೇಳಲೇಬೇಕು ಅನ್ನಿಸ್ತು. 1974ರಲ್ಲಿ ಆಕೆಯ ಎದೆಯಲ್ಲೊಂದು ಗಂಟು ಕಾಣಿಸಿತು. ಆಗಿನ ಪದ್ಧತಿ ಗೊತ್ತಾ? ಅರಿವಳಿಕೆ ಕೊಟ್ಟು ಗಂಟಿನ ಬಯಾಪ್ಸಿ ಮಾಡೋದು. ಕ್ಯಾನ್ಸರ್ ಅಂತಾದರೆ ಎಬ್ಬಿಸದೇ ಸ್ತನ ತೆಗೆದುಬಿಡೋದು! ಎಷ್ಟೋ ಕಡೆ ಎದೆಯ ಸ್ನಾಯುಗಳನ್ನೂ ಸೇರಿಸಿ.

ಮೊದಲು ಬಯಾಪ್ಸಿ ಮಾತ್ರ, ಮುಂದಿನದು ನನ್ನ ನಿರ್ಧಾರ ಅಂದಳು ರೋಸ್. ಸರ್ಜನ್ನರು ಒಬ್ಬರಾದ ಮೇಲೊಬ್ಬರು ಒಲ್ಲೆ ಅಂದರು. ಒಪ್ಪುವವರು ಸಿಗೋ ತನಕ ಹುಡುಕಿದಳು. ಕೊನೆಗೆ ಸ್ತನ ತೆಗೆಸಿಕೊಂಡಳು ನಿಜ. ಆದರೆ ಸ್ನಾಯು ಉಳಿಸಿಕೊಂಡು, ತಾನೇ ಯೋಚಿಸಿ.

1979ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮಿತಿ ಎರಡು ಹಂತದ ಕ್ರಮವನ್ನೇ ಶಿಫಾರಸು ಮಾಡಿತು. ಸಮಿತಿಯಲ್ಲಿ ರೋಸ್ ಕೂಡ ಇದ್ದಳು! 1985ರಲ್ಲಿ ಬರ್ನಾರ್ಡ್ ಫಿಷರ್ ತಂಡದ ಅಧ್ಯಯನ, ಆರಂಭದ ಹಂತದಲ್ಲಿ ಗಂಟಷ್ಟೇ ತೆಗೆದು ವಿಕಿರಣ ಕೊಟ್ಟರೂ ಆಯಸ್ಸು ಕಮ್ಮಿಯಾಗದು ಅಂತ ತೋರಿಸಿತು.

ಡಾಕ್ಟರು ದೇವರು ಅಂತೀವಿ. ದೇವರನ್ನೂ ಪ್ರಶ್ನೆ ಕೇಳಬಹುದು, ಅಲ್ವಾ?